‘ಪತ್ತೆ’ಯಾದ ಗ್ರಂಥಗಳು ಮತ್ತು ಭಂಡಾರಪಾಲಕರ ಕೆಲಸ

ಹಳೆಯ ಓಲೆಗರಿಯ ಕಟ್ಟೊಂದು ಬೆಳಕಿಗೆ ಬಂದಾಗಲೆಲ್ಲ ‘ಶತಮಾನಗಳಿಂದ ಧೂಳು ಹಿಡಿದು ಬಿದ್ದಿದ್ದ ಗ್ರಂಥ ಪತ್ತೆ’ ಎಂಬ ಮಾತು ತಪ್ಪದೆ ಬರುತ್ತದೆ. ಈ ವಾಕ್ಯದಲ್ಲಿ ಗ್ರಂಥವಿದೆ, ಶೋಧಕನೂ ಇದ್ದಾನೆ. ಆ ಗ್ರಂಥವನ್ನು ಅಷ್ಟು ಕಾಲ ಹುಳುವಿನ ಬಾಯಿಂದ ತಪ್ಪಿಸಿದವನು, ಅದಕ್ಕೊಂದು ಸಂಖ್ಯೆ ಕೊಟ್ಟು ಸೂಚಿಗೆ ಸೇರಿಸಿದವನು ಮಾತ್ರ ಇಲ್ಲ. ಹಸ್ತಪ್ರತಿ ಭಂಡಾರ, ಪತ್ರಾಗಾರಗಳ ಬಗೆಗೆ ಜನರಲ್ಲಿರುವ ಹೆಚ್ಚಿನ ತಪ್ಪು ತಿಳಿವಳಿಕೆಗಳು ಈ ಒಂದು ಲೋಪದಿಂದಲೇ ಹುಟ್ಟಿದಂಥವು.

ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಹೇಳುವ ರೀತಿಯಲ್ಲಿಯೇ ದೋಷವಿದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಸರಕಾರಿ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಪ್ರತಿಯೊಂದನ್ನು ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಏನೆಂಬುದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಇದನ್ನು ಅದೃಷ್ಟದ ಆಟವೆಂಬಂತೆ ವರ್ಣಿಸುವುದು ವಾಡಿಕೆ. ಕಟ್ಟು ಕೈಗೆ ಬಂದದ್ದು ಅದೃಷ್ಟವಿರಬಹುದು, ಗುರುತಿಸಿದ್ದು ಅದೃಷ್ಟವಲ್ಲ. ವಿಷ್ಣುಗುಪ್ತನು ದಂಡನೀತಿಯನ್ನು ಆರು ಸಾವಿರ ಶ್ಲೋಕಗಳ ಪ್ರಮಾಣಕ್ಕೆ ಸಂಗ್ರಹಿಸಿದನೆಂದು ದಂಡಿಯ ದಶಕುಮಾರಚರಿತ ಹೇಳುತ್ತದೆ; ಸೋಮದೇವಸೂರಿಯ ನೀತಿವಾಕ್ಯಾಮೃತ ಕೌಟಿಲ್ಯನಿಗೆ ಬಹುವಾಗಿ ಋಣಿಯಾಗಿದೆ. ಇಂಥ ಚದುರಿದ ಉಲ್ಲೇಖಗಳೆಲ್ಲ ಮನಸ್ಸಿನಲ್ಲಿದ್ದವನಿಗೆ ಮಾತ್ರ ಎದುರಿಗಿರುವ ಗರಿಗಳು ಯಾವ ಗ್ರಂಥದವೆಂದು ಹೊಳೆಯಬಲ್ಲದು. ಶಾಸ್ತ್ರಿಗಳು ಅಂದು ಮಾಡಿದ್ದು ಗ್ರಂಥಪಾಲಕನ ನಿತ್ಯದ ಕೆಲಸವನ್ನೇ.

ಆ ನಿತ್ಯದ ಕೆಲಸವೆಂದರೆ ದಿನವಿಡೀ ಅಪೂರ್ವ ಗ್ರಂಥಗಳನ್ನು ಓದುತ್ತ ಕೂರುವ ಸುಖವೆಂದು ಭಾವಿಸುವವರುಂಟು. ಸೂಚಿಕಾರನಿಗೆ ಓದುವ ಬಿಡುವೇ ಇರುವುದಿಲ್ಲ. ಓಲೆಕಟ್ಟಿಗೆ ಮುಖಪುಟವಿಲ್ಲ. ಕೃತಿಯ ಹೆಸರು, ಲಿಪಿಕಾರನ ಹೆಸರು, ಪ್ರತಿಯಾದ ಕಾಲ, ಮಾಡಿಸಿದವರು ಯಾರು, ಯಾವ ನೋಂಪಿಯ ಉದ್ಯಾಪನೆಗಾಗಿ ಶಾಸ್ತ್ರದಾನವಾಯಿತು ಎಂಬ ವಿವರಗಳೆಲ್ಲ ಇದ್ದರೆ ಇರಬೇಕಾದದ್ದು ಕೊನೆಯ ಗರಿಯಲ್ಲಿ. ಕಟ್ಟಿನ ಹೊರಮೈಗಿರುವ ಆ ಗರಿಯೇ ಎಲ್ಲಕ್ಕಿಂತ ಮೊದಲು ಮುರಿಯುತ್ತದೆ. ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳಿರುತ್ತವೆ. ದಾರ ಹರಿದಾಗ ಯಾರೋ ಆತುರದಲ್ಲಿ ಪೋಣಿಸಿದ್ದರಿಂದ ಒಂದರ ಗರಿ ಇನ್ನೊಂದರೊಳಗೆ ಸೇರಿರುತ್ತದೆ. ಲಿಪಿ ಕನ್ನಡವಾದ ಮಾತ್ರಕ್ಕೆ ಭಾಷೆ ಕನ್ನಡವಾಗಬೇಕಿಲ್ಲ, ಸಂಸ್ಕೃತವಿರಬಹುದು, ಪ್ರಾಕೃತವಿರಬಹುದು. ಗರಿಗಳನ್ನು ಎಣಿಸಿ, ಉದ್ದಗಲ ಅಳೆದು, ಆದ್ಯಂತಗಳನ್ನು ಬರೆದುಕೊಂಡು, ಲುಪ್ತವಾದ ಗರಿಗಳ ಅಂಕಿ ನಮೂದಿಸಿ, ನಿಂಬೆಹುಲ್ಲಿನ ಎಣ್ಣೆ ಸವರಿ ಮರಳಿ ಕಟ್ಟುವಷ್ಟರಲ್ಲಿ ದಿನ ಕಳೆದಿರುತ್ತದೆ. ಅದರ ಫಲವಾಗಿ ಸೂಚಿಯಲ್ಲಿ ಮೂಡುವುದು ಮೂರೋ ನಾಲ್ಕೋ ಸಾಲು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಕಾಶಿಯ ಭಾರತೀಯ ಜ್ಞಾನಪೀಠ 1948ರಲ್ಲಿ ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳಲ್ಲಿ ಏನೇನಿದೆ ಎಂಬುದನ್ನು ಹೊರಗಿನ ವಿದ್ವಾಂಸರು ಕುಳಿತಲ್ಲೇ ತಿಳಿಯುವಂತಾದದ್ದು ಇದರಿಂದ. ಸಂಪಾದಿತ ಕೃತಿಗಳ ಮುನ್ನುಡಿಗಳಲ್ಲಿ ಪ್ರತಿಯ ಸಂಖ್ಯೆ ಬರುತ್ತದೆ, ಆ ಸಂಖ್ಯೆಯನ್ನು ಕೊಟ್ಟವರ ನೆನಪು ಬರುವುದು ಅಪರೂಪ.

ಭಂಡಾರಪಾಲಕರು ಬಚ್ಚಿಡುವವರು ಎಂಬ ಆಕ್ಷೇಪ ಇನ್ನೂ ಹಳೆಯದು. ಇದಕ್ಕೆ ಆಧಾರವೇ ಇಲ್ಲವೆನ್ನಲಾಗದು. ವೀರಸೇನಾಚಾರ್ಯರ ಧವಳ, ವೀರಸೇನ-ಜಿನಸೇನರ ಜಯಧವಳ, ಮಹಾಧವಳವೆಂದು ಹೆಸರಾದ ಮಹಾಬಂಧ ಈ ಮೂರರ ಪ್ರಾಚೀನ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಬಹುಕಾಲ ದರ್ಶನಕ್ಕೆ ದೊರೆತವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ತೊಡಗಿ ದಶಕಗಳ ಕಾಲ ನಡೆಯಿತು. ಊರಿನಿಂದ ಹೊರಗೆ ಹೋದ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ್ ಜೈನರು 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಧವಳಾ ಟೀಕೆಯೊಂದಿಗೆ ಹೊರತಂದರು; ಮುಂದಿನ ಸಂಪುಟಗಳಿಗೆ ಮೂಡುಬಿದಿರೆಯ ಮೂಲದೊಡನೆ ಪಾಠ ಹೋಲಿಸಿ ನೋಡುವ ಅವಕಾಶವೂ ದೊರೆಯಿತು. ಸಂಕೋಚದಿಂದಾದ ನಷ್ಟ ಸಣ್ಣದಲ್ಲ: ಸಿದ್ಧಾಂತಗ್ರಂಥಗಳನ್ನು ಹೆಸರಿನಿಂದ ಮಾತ್ರ ಬಲ್ಲ ಪಂಡಿತರ ತಲೆಮಾರುಗಳೇ ಕಳೆದುಹೋದವು. ಆದರೆ ಬಾಗಿಸಿದರೆ ಸೀಳುವ ಗರಿಯನ್ನು ಬಂದವರಿಗೆಲ್ಲ ಬಿಚ್ಚಿ ತೋರಿಸಿದ್ದರೆ 1939ರ ಹೊತ್ತಿಗೆ ಹೋಲಿಸಿ ನೋಡಲು ಮೂಲವೇ ಉಳಿಯುತ್ತಿರಲಿಲ್ಲವೆಂಬುದೂ ನಿಜ. ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಗಾಳಿಗಿಟ್ಟು, ಹೊಸ ವಸ್ತ್ರದಲ್ಲಿ ಸುತ್ತುವ ಆಚರಣೆಯನ್ನು ಬರಿಯ ಪೂಜೆಯೆಂದು ನೋಡುವವರು ಅದರೊಳಗಿನ ಸಂರಕ್ಷಣೆಯ ವಿವೇಕವನ್ನು ಕಾಣಲಾರರು.

ಸರಕಾರಿ ಪತ್ರಾಗಾರಗಳ ವಿಷಯದಲ್ಲಿ ಭ್ರಮೆಯ ರೂಪ ಬೇರೆ. ಅಲ್ಲಿ ಎಲ್ಲ ಕಾಗದವನ್ನೂ ಇಡುತ್ತಾರೆಂದು ಜನ ನಂಬುತ್ತಾರೆ. ಕಚೇರಿಗಳಲ್ಲಿ ಹುಟ್ಟುವ ಕಡತಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ನಿರ್ಣಯವೇ ಪತ್ರಾಗಾರ ವೃತ್ತಿಯ ಅತಿ ಕಠಿಣ ಭಾಗ. ನಾಶವಾದದ್ದನ್ನು ಮರಳಿ ತರುವಂತಿಲ್ಲ. ಕೇಂದ್ರ ಸರಕಾರದ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಿದೆ. ಇಪ್ಪತ್ತೈದು ವರ್ಷಕ್ಕಿಂತ ಹಳೆಯ ದಾಖಲೆಯನ್ನು ಪರಿಶೀಲಿಸದೆ ನಾಶಮಾಡಕೂಡದೆಂಬುದು ಅದರ ಕಟ್ಟಳೆ. ಇನ್ನು ಜೋಡಣೆ: ಸಂಶೋಧಕನ ಅನುಕೂಲಕ್ಕಾಗಿ ವಿಷಯವಾರು ಹಂಚಬಾರದೇ ಎಂದು ಕೇಳುವವರಿದ್ದಾರೆ. ಕಡತವು ಯಾವ ಕಚೇರಿಯಲ್ಲಿ, ಯಾವುದರ ಬೆನ್ನಿಗೆ ಹುಟ್ಟಿತೋ ಆ ಕ್ರಮವೂ ಒಂದು ಸಾಕ್ಷ್ಯ. ವಿಷಯಕ್ಕಾಗಿ ಒಡೆದರೆ ಪತ್ರ ಉಳಿದು ಅದರ ಸಂದರ್ಭ ಅಳಿಯುತ್ತದೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿದರೆ ಮುಗಿಯಿತಲ್ಲ ಎಂಬುದು ಈಗಿನ ಮಾತು. ಚಿತ್ರ ತೆಗೆಯುವುದರಿಂದ ಗರಿಯ ಮೇಲಿನ ಒತ್ತಡ ತಗ್ಗುತ್ತದೆ, ದೂರದವರಿಗೆ ಓದು ಸಾಧ್ಯವಾಗುತ್ತದೆ. ಇವು ದೊಡ್ಡ ಲಾಭಗಳೇ. ಆದರೆ ಕೃತಿಯ ಹೆಸರಿಲ್ಲದೆ, ಗರಿಗಳ ಕ್ರಮ ಸರಿಪಡಿಸದೆ ತೆಗೆದ ಸಾವಿರ ಚಿತ್ರಗಳು ಸೂಚಿಯಿಲ್ಲದ ಸಾವಿರ ಗರಿಗಳಷ್ಟೇ ಮೂಕ. ಹಳೆಯ ಲಿಪಿಯನ್ನು ಸರಾಗವಾಗಿ ಓದಿ ಹೆಸರಿಡಬಲ್ಲವರ ಹುದ್ದೆ ಖಾಲಿ ಬಿಟ್ಟು ಯಂತ್ರ ಕೊಳ್ಳುವುದು, ಬಾವಿ ತೋಡದೆ ಹಗ್ಗ ಕೊಂಡಂತೆ.

ಅರ್ಥಶಾಸ್ತ್ರದ ಕಥೆ 1909ಕ್ಕೇ ಮುಗಿಯಲಿಲ್ಲ. ಆಮೇಲೆ ದಕ್ಷಿಣದಲ್ಲಿಯೇ ಬೇರೆ ಪ್ರತಿಗಳು ದೊರೆತವು, ತಿರುವನಂತಪುರದಿಂದ ಗಣಪತಿ ಶಾಸ್ತ್ರಿಗಳ ಆವೃತ್ತಿ ಬಂತು. ಉತ್ತರದಲ್ಲಿ ಮಾತ್ರ ಈ ಗ್ರಂಥ ಅಳಿದೇಹೋಯಿತೆಂಬ ಭಾವನೆಯಿತ್ತು. ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ದೇವನಾಗರಿಯ ತಾಡಪತ್ರದಲ್ಲಿದ್ದ ಅದರ ಒಂದು ಭಾಗವನ್ನು ಮುನಿ ಜಿನವಿಜಯರು 1959ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಆರ್. ಪಿ. ಕಾಂಗಲೆಯವರ ಪರಿಷ್ಕೃತ ಆವೃತ್ತಿಗೆ ಆ ಗರಿಗಳ ಪಾಠವೂ ಒದಗಿತು.