ಔಷಧ ಪೂರೈಕೆ ಸರಪಳಿಯಲ್ಲಿ ಡಿಜಿಟಲ್ ಗುರುತು

ಕಾರ್ಖಾನೆಯಿಂದ ಹೊರಡುವ ಔಷಧದ ಪೊಟ್ಟಣಕ್ಕೆ ಯಂತ್ರ ಓದಬಲ್ಲ ಗುರುತೊಂದನ್ನು ಕೊಟ್ಟು, ಅದು ಸಗಟು ವ್ಯಾಪಾರಿ, ಸ್ಟಾಕಿಸ್ಟ್, ಮೆಡಿಕಲ್ ಶಾಪ್ ದಾಟಿ ರೋಗಿಯ ಕೈಸೇರುವವರೆಗೆ ಅಸಲಿಯೇ ಎಂದು ಪರೀಕ್ಷಿಸುವ ವ್ಯವಸ್ಥೆ. ನಕಲಿ ಮಾಲು ನುಸುಳದಂತೆ ತಡೆಯುವುದು ಇದರ ಒಂದು ಉದ್ದೇಶ. ಕೆಟ್ಟ ಬ್ಯಾಚ್ ಎಲ್ಲೆಲ್ಲಿಗೆ ಹೋಗಿದೆ ಎಂದು ಬೇಗ ಪತ್ತೆಹಚ್ಚುವುದು ಇನ್ನೊಂದು.

ಈ ಎರಡನೆಯ ಉದ್ದೇಶ ಕಂಪ್ಯೂಟರಿಗಿಂತ ಹಳೆಯದು. 1937ರಲ್ಲಿ ಅಮೆರಿಕದ ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿ ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿತು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ತಯಾರಾಗಿದ್ದ 240 ಗ್ಯಾಲನ್ ಮದ್ದಿನ ಬೆನ್ನು ಹತ್ತಿದ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಇನ್‌ಸ್ಪೆಕ್ಟರುಗಳ ಬಳಿ ಇದ್ದದ್ದು ಮಾರಾಟದ ಚೀಟಿಗಳು ಮತ್ತು ಅರೆಬರೆ ವಿಳಾಸಗಳು ಮಾತ್ರ. ಬೆಟ್ಟಸೀಮೆಗೆ ಹೋಗಿಬಿಟ್ಟಿದ್ದ ಕುಟುಂಬವೊಂದರ ಮೂರು ವರ್ಷದ ಹುಡುಗನನ್ನು ಹುಡುಕಲು ಒಬ್ಬ ವೈದ್ಯರು ತಮ್ಮ ಮದುವೆಯನ್ನೇ ಮುಂದೂಡಿದರು. ಹುಡುಗ ಬದುಕಿದ. 234 ಗ್ಯಾಲನ್‌ಗೂ ತುಸು ಹೆಚ್ಚು ವಾಪಸು ಸಿಕ್ಕಿತು. ಸಿಗದ ಆರು ಗ್ಯಾಲನ್‌ಗಿಂತಲೂ ಕಡಿಮೆ ಮದ್ದೇ ಅಷ್ಟೂ ಸಾವುಗಳಿಗೆ ಕಾರಣ. ಮಾರುವ ಮೊದಲೇ ಸುರಕ್ಷತೆಯನ್ನು ಸಾಬೀತುಪಡಿಸಬೇಕೆಂಬ ಕಾನೂನು ಮರುವರ್ಷ ಬಂತು.

ಯಂತ್ರ ಓದಬಲ್ಲ ಗುರುತು ಬಂದದ್ದು ಆಮೇಲೆ: 1974ರ ಜೂನ್ 26ರಂದು ಒಹಾಯೊದ ಟ್ರಾಯ್ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡ್ ಸ್ಕ್ಯಾನ್ ಆಯಿತು. ಆ ಪಟ್ಟೆಗಳು ಹೇಳುತ್ತಿದ್ದದ್ದು ಸರಕು ಯಾವುದೆಂದು, ಈ ಪೊಟ್ಟಣ ಯಾವುದೆಂದಲ್ಲ. 1982ರಲ್ಲಿ ಷಿಕಾಗೊದಲ್ಲಿ ಯಾರೋ ಟೈಲೆನಾಲ್ ಎಂಬ ನೋವುನಿವಾರಕದ ಕ್ಯಾಪ್ಸೂಲುಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತಾಗ ತಯಾರಕ ಕಂಪನಿಯು ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ಕರೆಸಿತು. ಅದರ ಫಲವಾಗಿ ಬಂದದ್ದು ಒಡೆದರೆ ಗೊತ್ತಾಗುವ ಸೀಲು. ಪ್ರತಿ ಪೊಟ್ಟಣಕ್ಕೂ ಬೇರೆ ಸಂಖ್ಯೆ ಕೊಡುವ ಕೆಲಸ ಇನ್ನೂ ಬಾಕಿ ಇತ್ತು.

ಅದನ್ನು ಇಡೀ ದೇಶದ ಮಟ್ಟದಲ್ಲಿ ಮೊದಲು ಮಾಡಿ ತೋರಿಸಿದ್ದು ತುರ್ಕಿ, 2010ರಲ್ಲಿ. ಅಲ್ಲಿ ಬಳಸಿದ, ಬೆರಳಿನ ಉಗುರಿಗಿಂತ ಚಿಕ್ಕದಾದ ಡೇಟಾಮ್ಯಾಟ್ರಿಕ್ಸ್ ಎಂಬ ಚೌಕದ ಕೋಡ್‌ನಲ್ಲಿ ಉತ್ಪನ್ನದ ಸಂಖ್ಯೆ, ಸೀರಿಯಲ್ ಸಂಖ್ಯೆ, ಬ್ಯಾಚ್, ಎಕ್ಸ್‌ಪೈರಿ ಈ ನಾಲ್ಕೂ ಹಿಡಿಯುತ್ತವೆ. ಅದೇ ವರ್ಷ ನೈಜೀರಿಯದ ಔಷಧ ನಿಯಂತ್ರಣ ಸಂಸ್ಥೆ ಬೇರೆ ದಾರಿ ಹಿಡಿಯಿತು: ರೋಗಿ ರೀಚಾರ್ಜ್ ಕಾರ್ಡಿನಂತೆ ಲೇಪನ ಉಜ್ಜಿ, ಕಂಡ ಅಂಕಿಗಳನ್ನು ಎಸ್‌ಎಂಎಸ್ ಮಾಡಿದರೆ ಉತ್ತರ ಬರುತ್ತದೆ. ಸ್ಕ್ಯಾನರ್ ಇಲ್ಲದ ಅಂಗಡಿಗಳ ನಾಡಿಗೆ ಇದು ತಕ್ಕ ಉಪಾಯ. ಪರೀಕ್ಷಿಸುವ ಅಧಿಕಾರವನ್ನು ಮದ್ದು ನುಂಗುವವನ ಕೈಗೇ ಕೊಟ್ಟಿತು ಎಂಬ ಕಾರಣಕ್ಕೇ ಇದಕ್ಕೆ ಈ ಇತಿಹಾಸದಲ್ಲಿ ದೊಡ್ಡ ಸ್ಥಾನ ಸಲ್ಲಬೇಕು.

ಯುರೋಪಿಯನ್ ಒಕ್ಕೂಟ 2011ರಲ್ಲಿ ನಿರ್ದೇಶನ ಹೊರಡಿಸಿ, 2019ರ ಫೆಬ್ರವರಿ 9ರಿಂದ ಇಂಥ ಗುರುತನ್ನು ಜಾರಿಗೆ ತಂದಿತು. ಆ ವ್ಯವಸ್ಥೆಯಲ್ಲಿ ಒಂದು ಸಣ್ಣ ನಿಯಮ ಮುಖ್ಯ: ಸೀರಿಯಲ್ ಸಂಖ್ಯೆಯನ್ನು ಊಹಿಸಿ ಹೇಳುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು. ಸಂಖ್ಯೆಗಳು 1001, 1002 ಎಂದು ಸಾಲಾಗಿ ಬಂದರೆ ಮುಂದಿನದನ್ನು ನಕಲಿ ತಯಾರಕನೇ ಅಚ್ಚು ಹಾಕಿಕೊಳ್ಳುತ್ತಾನೆ. ಚೌಕವನ್ನು ನಕಲು ಮಾಡುವುದೇನೂ ಕಷ್ಟವಲ್ಲ. ಆದರೆ ಅಂಗಡಿಯಾತ ಮದ್ದು ಕೊಡುವಾಗ ಸ್ಕ್ಯಾನ್ ಮಾಡಿದೊಡನೆ ಕೇಂದ್ರದ ದಾಖಲೆಯಲ್ಲಿ ಆ ಸಂಖ್ಯೆಯ ಲೆಕ್ಕ ಮುಗಿಯುತ್ತದೆ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಎಚ್ಚರಿಕೆ ಹೊರಡುತ್ತದೆ. ಹಾಗಾಗಿ ಭದ್ರತೆ ಇರುವುದು ಮುದ್ರಣದಲ್ಲಲ್ಲ, ದಾಖಲೆಯಲ್ಲಿ.

ಅಮೆರಿಕದ 2013ರ ಔಷಧ ಪೂರೈಕೆ ಸರಪಳಿ ಭದ್ರತಾ ಕಾಯಿದೆ ಹತ್ತು ವರ್ಷಗಳ ಗಡುವು ಇಟ್ಟುಕೊಂಡು ಹೊರಟಿತು, ಗಡುವು ಮುಗಿದ ಮೇಲೂ ವಿನಾಯಿತಿಗಳು ಬಂದವು. ಅಲ್ಲಿ ಮುಂದೆ ಬಂದ ಪ್ರಶ್ನೆ ಬೇರೆ. ಪೊಟ್ಟಣದ ವಿವರ ಕೇಳುತ್ತಿರುವ ಕಂಪ್ಯೂಟರಿನ ಹಿಂದೆ ಇರುವುದು ಲೈಸೆನ್ಸ್ ಪಡೆದ ವ್ಯಾಪಾರಿಯೇ? 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಮಂಡಿಸಿದ ಸಾರ್ವಜನಿಕ ಕೀಲಿಯ ಗೂಢಲಿಪಿ ಇಲ್ಲಿ ನೆರವಿಗೆ ಬಂತು. ಗುಟ್ಟನ್ನು ಬಿಟ್ಟುಕೊಡದೆಯೇ ತಾನು ಯಾರೆಂದು ಸಾಬೀತುಪಡಿಸುವ ಡಿಜಿಟಲ್ ಸಹಿಯ ಪ್ರಮಾಣಪತ್ರಗಳನ್ನು ವ್ಯಾಪಾರ ಸಂಸ್ಥೆಗಳಿಗೂ ಕೊಡುವ ಪ್ರಯತ್ನ ನಡೆದಿದೆ.

ಭಾರತ 2011ರಲ್ಲಿ ರಫ್ತಾಗುವ ಔಷಧಗಳಿಗೆ ಬಾರ್‌ಕೋಡ್ ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಯಾವ ಪೊಟ್ಟಣ ಯಾವ ಪೆಟ್ಟಿಗೆಯೊಳಗಿದೆ ಎಂದು ಜೋಡಿಸಿಡುವ ಕೆಲಸ ಸಣ್ಣ ಕಾರ್ಖಾನೆಗಳಿಗೆ ಭಾರವಾಗಿ, ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋದವು. ಕಚ್ಚಾವಸ್ತುವಿನ ಕಡೆಯ ದಾರಿ ಇನ್ನೂ ಕಡೆಗಣನೆಗೆ ಒಳಗಾಗಿತ್ತು. ಅದರ ಅಪಾಯ ಹೊಸದಲ್ಲ: 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತದ್ದು ಕೈಗಾರಿಕಾ ದರ್ಜೆಯ ಗ್ಲಿಸರಿನ್‌ನಲ್ಲಿ ಬೆರೆತಿದ್ದ ಅದೇ ಡೈಎಥಿಲೀನ್ ಗ್ಲೈಕಾಲ್‌ನಿಂದ. 2023ರ ಜನವರಿ 1ರಿಂದ ಔಷಧದ ಮೂಲ ಘಟಕಗಳ ಪ್ಯಾಕಿಂಗ್ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು. ಆದರೆ ವಿಷ ಬರುವುದು ಹೆಚ್ಚಾಗಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥ ಸಹಾಯಕ ದ್ರವಗಳ ಜೊತೆ. ಆ ನಿಯಮ ಅವನ್ನು ಮುಟ್ಟಲಿಲ್ಲ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಕುಡಿದ ಕೆಮ್ಮಿನ ಸಿರಪ್‌ನಲ್ಲಿ 2025ರ ಅಕ್ಟೋಬರ್‌ನಲ್ಲಿ ಶೇ 48.6ರಷ್ಟು ಈ ವಿಷ ಕಂಡುಬಂತು. ಆ ಸಿರಪ್ ನಕಲಿಯಾಗಿರಲಿಲ್ಲ, ಲೈಸೆನ್ಸ್ ಇದ್ದ ಕಾರ್ಖಾನೆಯದೇ ಆಗಿತ್ತು. ಗುರುತು ಅಸಲಿ ಎಂಬುದೊಂದೇ ಜೀವ ಉಳಿಸುವುದಿಲ್ಲ.

ದೇಶದೊಳಗಿನ ಮಾರಾಟಕ್ಕೆ 2022ರ ನವೆಂಬರಿನಲ್ಲಿ ಹೊರಬಿದ್ದ ನಿಯಮ 300 ಬ್ರ್ಯಾಂಡುಗಳಿಗೆ ಸೀಮಿತ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಡೋಲೊ ಆ ಪಟ್ಟಿಯಲ್ಲಿದೆ. 2023ರ ಆಗಸ್ಟ್ 1ರಿಂದ ತಯಾರಾದ ಇಂಥ ಮದ್ದಿನ ಕೋಡ್‌ನಲ್ಲಿ ಉತ್ಪನ್ನದ ವಿಶಿಷ್ಟ ಸಂಕೇತ, ಔಷಧದ ಹೆಸರು, ಬ್ರ್ಯಾಂಡ್, ತಯಾರಕರ ಹೆಸರು ವಿಳಾಸ, ಬ್ಯಾಚ್, ತಯಾರಿಯ ಮತ್ತು ಎಕ್ಸ್‌ಪೈರಿ ದಿನಾಂಕ, ಲೈಸೆನ್ಸ್ ಸಂಖ್ಯೆ ಇರಬೇಕು. ಪ್ರತಿ ಸ್ಟ್ರಿಪ್‌ಗೂ ಬೇರೆಯಾದ ಸೀರಿಯಲ್ ಸಂಖ್ಯೆಯನ್ನು ನಿಯಮ ಹೆಸರಿಸಿಲ್ಲ. ಮಾರಿದೊಡನೆ ಕೋಡ್‌ನ ಲೆಕ್ಕ ಮುಗಿಸಬೇಕೆಂದೂ ಅಂಗಡಿಗೆ ಹೇಳಿಲ್ಲ. ಒಂದು ಬ್ಯಾಚ್‌ನ ಕೋಡ್ ನಕಲು ಮಾಡಿ ಸಾವಿರ ಸ್ಟ್ರಿಪ್‌ಗಳಿಗೆ ಅಂಟಿಸಿದರೂ ಕೌಂಟರಿನಲ್ಲಿ ನಿಂತ ಗಿರಾಕಿಯ ಫೋನು ತೋರಿಸುವುದು ಅದೇ ಸರಿಯಾದ ವಿವರವನ್ನು.