ಕುರಿಯ ಮಿದುಳು ಮತ್ತು ಹೊಕ್ಕುಳ ಸುತ್ತಲ ಸೂಜಿ

ಶಿರಾ ಗೇಟ್ ಎಂದರೆ ತುಮಕೂರಿನಿಂದ ಶಿರಾ ಕಡೆಗೆ ಹೊರಡುವ ದಾರಿ. ಆ ಸೀಮೆ ಕುರಿ, ಕಂಬಳಿಗೆ ಹೆಸರಾದದ್ದು. ಇಲ್ಲಿನ ಹಿರಿಯರ ಮುಂದೆ ನಾಯಿ ಕಡಿತದ ಮಾತೆತ್ತಿದರೆ ಹೊಕ್ಕುಳ ಸುತ್ತಲಿನ 14 ಚುಚ್ಚುಮದ್ದುಗಳನ್ನು ನೆನೆಯುತ್ತಾರೆ. ಆ ಮದ್ದಿಗೂ ಕುರಿಗೂ ನಂಟಿತ್ತೆಂಬುದು ಹೆಚ್ಚಿನವರಿಗೆ ತಿಳಿಯದು.

1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ರೇಬೀಸ್ ಲಸಿಕೆ ಕೊಡಿಸಿದರು. ಅದು ಮೊಲದ ಬೆನ್ನುಹುರಿಯಿಂದ ತಯಾರಾದದ್ದು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಸುಲಭವಾದ ವಿಧಾನ ರೂಪಿಸಿದರು. ಭಾರತದಲ್ಲಿ ಇದಕ್ಕೆ ಬಹುಕಾಲ ಕುರಿಗಳೇ ಆಧಾರ. ಕುರಿಯ ಮಿದುಳಿಗೆ ವೈರಸ್ ಚುಚ್ಚಿ, ರೋಗ ಬಲಿತ ಮೇಲೆ ಆ ಮಿದುಳನ್ನು ತೆಗೆದು ಅರೆದು, ಫಿನಾಲ್‌ನಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತಿದ್ದರು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ತೀರ ಅಪರೂಪ. ಹೀಗಿರುವಾಗ ಈ ಲಸಿಕೆಯನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಲಸಿಕೆ ಪಡೆದವರಲ್ಲಿ ಕೆಲವರಿಗೆ ಪಾರ್ಶ್ವವಾಯು ತಗಲುತ್ತಿತ್ತು. ಕಾರಣ ವೈರಸ್ ಅಲ್ಲ, ಕುರಿಯ ನರತಂತುಗಳ ಹೊದಿಕೆಯಾದ ಮಯಲಿನ್. ಅದರ ಪ್ರೋಟೀನು ನಮ್ಮದನ್ನು ಎಷ್ಟು ಹೋಲುತ್ತದೆಂದರೆ, ಕುರಿಯದರ ವಿರುದ್ಧ ಎಚ್ಚೆತ್ತ ದೇಹದ ರಕ್ಷಣಾವ್ಯವಸ್ಥೆ ತನ್ನದೇ ನರಗಳ ಮೇಲೆ ಬೀಳುತ್ತಿತ್ತು. (ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ, ಅದರಲ್ಲಿ ಮಿದುಳಿನ ಅಂಶವಿಲ್ಲ. ಶಿಕ್ಷಕರು ಇದನ್ನು ಮಕ್ಕಳಿಗೆ ಮರೆಯದೆ ಹೇಳಬೇಕು.) ಕುರಿಗೆ ನೋವಾಗುತ್ತದೆಯೇ ಎಂದು ಅನುಮಾನಿಸುವವರು ಈ ಹೋಲಿಕೆಯನ್ನು ಗಮನಿಸಲಿ. ಮಯಲಿನ್ ಒಂದೇ ನೋವಿಗೆ ಪುರಾವೆಯಲ್ಲ, ನಿಜ. ಆದರೆ ಅದು ತೋರಿಸುವ ರಕ್ತಸಂಬಂಧ ಸಣ್ಣದಲ್ಲ.

ಇಂದಿನ ಬುದ್ಧಿವಂತ ಯಂತ್ರಗಳ ವಿಷಯ ಇದಕ್ಕೆ ತಿರುಗುಮುರುಗು. ಕುರಿ ಹೇಳಲಾರದು, ಆದರೆ ಅದರ ನರಮಂಡಲ ನಮ್ಮ ನೆಂಟ. ಯಂತ್ರ ‘ನನಗೆ ನೋವಾಗಿದೆ’ ಎಂದು ಸಲೀಸಾಗಿ ಬರೆಯಬಲ್ಲದು, ಆದರೆ ಆ ಮಾತು ಮನುಷ್ಯರ ಬರಹದಿಂದ ಕಲಿತದ್ದು, ನರವಂತೂ ಇಲ್ಲ. ಅಲ್ಲಿ ಬೇರೆ ಬಗೆಯ ಸಾಕ್ಷ್ಯ ಹುಡುಕಬೇಕು.

1960ರ ಪ್ರಾಣಿಹಿಂಸೆ ತಡೆ ಕಾಯಿದೆ, ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗ ಬೇಡವೆಂದಿತು. ಜೀವಕೋಶ ಕೃಷಿಯಿಂದ ತಯಾರಿಸಿದ ಸುರಕ್ಷಿತ ಲಸಿಕೆಗಳು 1970–80ರ ದಶಕಗಳಲ್ಲೇ ಬಂದವು, ಆದರೆ ಬೆಲೆ ಹೆಚ್ಚು. ಕೊಳ್ಳಬಲ್ಲವರು ಅದನ್ನು ಕೊಂಡರು. ಸರ್ಕಾರಿ ಆಸ್ಪತ್ರೆಯನ್ನೇ ನಂಬಿದ್ದ ಬಡವರಿಗೂ ಕುರಿಗಳಿಗೂ ಬಿಡುಗಡೆ ಸಿಕ್ಕಿದ್ದು, ಭಾರತ ಈ ಲಸಿಕೆಯ ತಯಾರಿಕೆಯನ್ನು ನಿಲ್ಲಿಸಿದ 2004ರ ಡಿಸೆಂಬರ್‌ನಲ್ಲಿ. ಹೊಸ ಲಸಿಕೆಗಳ ಸಾಮರ್ಥ್ಯ ಅಳೆಯಲು ಇಲಿಗಳ ಮಿದುಳಿಗೆ ವೈರಸ್ ಚುಚ್ಚುವ ಪರೀಕ್ಷೆ ಮಾತ್ರ ಆಮೇಲೂ ಮುಂದುವರಿಯಿತು.