ರಾಕ್ ಬಿಟ್ಟು ಜನಪದಕ್ಕೆ: ಏನಿದು ‘ಓಲ್ಡ್ ಆ್ಯಂಡ್ ಇನ್ ದ ವೇ’?

1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಬ್ಲೂಗ್ರಾಸ್ ತಂಡ. ಬ್ಲೂಗ್ರಾಸ್ ಅಂದ್ರೆ ಅಲ್ಲಿನ ಹಳ್ಳಿಗಾಡಿನ ತಂತಿವಾದ್ಯದ ಸಂಗೀತ.

‘ಗ್ರೇಟ್‌ಫುಲ್ ಡೆಡ್’ ರಾಕ್ ಬ್ಯಾಂಡ್‌ನಿಂದ ಹೆಸರಾಗಿದ್ದ ಜೆರ್ರಿ ಗಾರ್ಸಿಯಾ ಇಲ್ಲಿ ಹಿಡಿದಿದ್ದು ಬ್ಯಾಂಜೋ. ರಾಕ್‌ಗೆ ಬರೋ ಮುಂಚೆಯೇ ಅವರು ಅದನ್ನು ಕಲಿತಿದ್ದರು. ಚಿಕ್ಕಂದಿನಲ್ಲಿ ಕೊಡಲಿ ಏಟಿಗೆ ಬಲಗೈ ನಡುಬೆರಳು ಬಹುಪಾಲು ಹೋಗಿತ್ತು. ಆದ್ರೂ ಬಿಡಲಿಲ್ಲ.

ಜೊತೆಗಿದ್ದವರು: ಹಿಂದೆ ‘ಅರ್ಥ್ ಆಪೆರಾ’ ರಾಕ್ ತಂಡದಲ್ಲಿದ್ದ ಪೀಟರ್ ರೋವನ್ (ಗಿಟಾರ್), ಡೇವಿಡ್ ಗ್ರಿಸ್ಮನ್ (ಮ್ಯಾಂಡೊಲಿನ್), ಜಾನ್ ಕಾನ್ (ಬಾಸ್). ಪಿಟೀಲಿಗೆ ಕೊನೆಗೆ ಬಂದವರು ಬ್ಲೂಗ್ರಾಸ್‌ನಲ್ಲೇ ಪಳಗಿದ್ದ ವಾಸರ್ ಕ್ಲೆಮೆಂಟ್ಸ್.

1973ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಕಛೇರಿಯ ರೆಕಾರ್ಡಿಂಗ್ 1975ರಲ್ಲಿ ಆಲ್ಬಂ ಆಗಿ ಬಂತು. ಅಷ್ಟೊತ್ತಿಗೆ ತಂಡವೇ ಚದುರಿತ್ತು. ಆದರೆ ರಾಕ್ ಕೇಳೋ ಎಷ್ಟೋ ಹುಡುಗರಿಗೆ ಬ್ಲೂಗ್ರಾಸ್ ರುಚಿ ಹತ್ತಿಸಿದ್ದು ಇದೇ ಆಲ್ಬಂ.